ಹಿಂದಿನ ಸೀಟಿನ ಕೆಳಗಿರುವ ರಂಧ್ರಗಳು ಯಾವುದಕ್ಕೆ?

ಪ್ರಶ್ನೆ: ಮಾನ್ಯರೇ, 1970ರ ಎಂಜಿಬಿ ಜಿಟಿ ಎಂಬ ಬ್ರಿಟಿಷ್ ಕಾರೊಂದನ್ನು ಎರಡು ವರ್ಷಗಳಿಂದ ದುರಸ್ತಿ ಮಾಡುತ್ತಿದ್ದೇನೆ. ಹಿಂದಿನ ಸೀಟನ್ನು ಹಳೆಯ ಮಾಲೀಕರೇ ಬಿಚ್ಚಿಟ್ಟಿದ್ದರು. ಅದರೊಂದಿಗೆ ನನಗೆ ದೊರೆತದ್ದು ಒಂದು ಡಬ್ಬಿ ತುಂಬ ಬೋಲ್ಟು, ತಿರುಪು, ಕೊಂಡಿಗಳು. ನೆಲದ ತಗಡನ್ನು ಉಜ್ಜಿ ಸ್ವಚ್ಛಗೊಳಿಸಿದ ಮೇಲೆ ನಿರೀಕ್ಷೆಗಿಂತ ಹೆಚ್ಚು ರಂಧ್ರಗಳು ಕಾಣಿಸಿಕೊಂಡಿವೆ. ಕೆಲವಕ್ಕೆ ಅಡಿಯಲ್ಲಿ ನಟ್ಟು ಬೆಸೆದಿದೆ, ಕೆಲವು ಬರಿದಾಗಿವೆ, ಇನ್ನು ಕೆಲವಕ್ಕೆ ಅಡ್ಡಲಾಗಿ ಬಾಗಿದ ಸ್ಪ್ರಿಂಗ್ ತಂತಿಯೊಂದಿದೆ. ಬಣ್ಣ ಹೊಡೆಯುವ ಮುನ್ನ ಬೇಡದವನ್ನು ಬೆಸೆದು ಮುಚ್ಚಿಬಿಡಲೇ? ಮೆಟ್ರಿಕ್ ಬೋಲ್ಟುಗಳನ್ನು ಬಳಸಬಹುದೇ?

ಉತ್ತರ: ದಯವಿಟ್ಟು ಸದ್ಯಕ್ಕೆ ಒಂದನ್ನೂ ಮುಚ್ಚಬೇಡಿ. ನಿಮ್ಮನ್ನು ಹೆಚ್ಚು ಕಾಡಿರುವ ಸ್ಪ್ರಿಂಗ್ ತಂತಿಗಳಿಗೂ ಸೀಟಿಗೂ ನೇರ ಸಂಬಂಧವೇ ಇಲ್ಲ. ಈ ಕಾರಿನ ಬ್ಯಾಟರಿ ಇರುವುದು ಬಾನೆಟ್ಟಿನಡಿಯಲ್ಲಲ್ಲ, ಹಿಂದಿನ ಸೀಟಿನ ಕೆಳಗೆ. ನಿಮ್ಮದರಷ್ಟು ಹಳೆಯ ಕಾರುಗಳಲ್ಲಿ 6 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 12 ವೋಲ್ಟ್ ಪಡೆಯುತ್ತಿದ್ದರು. ಅವುಗಳ ಮೇಲಿನ ಮುಚ್ಚಳದ ಪುಟ್ಟ ಗೂಟಗಳು ಕಾಲು ಸುತ್ತು ತಿರುಗಿದೊಡನೆ ಆ ತಂತಿಯನ್ನು ಕಚ್ಚಿಕೊಳ್ಳುತ್ತವೆ. ಡಬ್ಬಿಯಲ್ಲಿ ತುದಿಗೆ ಓರೆಯಾಗಿ ಸೀಳಿದ ಗಿಡ್ಡ ಗೂಟಗಳಿದ್ದರೆ ಅವು ಇವೇ.

ಉಳಿದ ರಂಧ್ರಗಳ ಗುರುತನ್ನು ಅವುಗಳ ಹಿಂಬದಿಯೇ ಹೇಳುತ್ತದೆ. ನಟ್ಟಿನ ಸುತ್ತ ದಪ್ಪ ತಗಡಿನ ಬಲಪಟ್ಟಿಯಿದ್ದು, ಅದು 7/16 ಇಂಚಿನದಾಗಿದ್ದು, ಇಂಚಿಗೆ 20 ಥ್ರೆಡ್ಡುಗಳಿದ್ದರೆ (ಥ್ರೆಡ್ಡು ಎಂದರೆ ತಿರುಪಿನ ಸುರುಳಿ ಗೆರೆ), ಅದನ್ನು ಸೀಟ್ ಬೆಲ್ಟಿನ ಆಧಾರವೆಂದೇ ತಿಳಿಯಿರಿ. ಅಪಘಾತದಲ್ಲಿ ಮನುಷ್ಯನ ಭಾರವನ್ನೆಲ್ಲ ತಡೆಯುವ ಜಾಗವದು. ಅದನ್ನು ಮುಚ್ಚುವುದೂ ತಪ್ಪು, ಬರಿಯ ತಗಡಿಗೆ ಹೊಸ ರಂಧ್ರ ಕೊರೆದು ಬೆಲ್ಟು ಬಿಗಿಯುವುದು ಅದಕ್ಕಿಂತ ದೊಡ್ಡ ತಪ್ಪು. ಸಣ್ಣ ನಟ್ಟುಗಳು ಸಾಮಾನ್ಯವಾಗಿ ಬ್ರಾಕೆಟ್ಟು, ಕೀಲುಗಳಿಗೆ ಸೇರಿದವು. ನಟ್ಟಿಲ್ಲದ ಪುಟ್ಟ ರಂಧ್ರಗಳು ಕಾರ್ಪೆಟ್ಟನ್ನೋ ಅಂಚುಪಟ್ಟಿಯನ್ನೋ ಹಿಡಿದ ತಿರುಪುಗಳವು. ಅಂಚು ಒರಟಾಗಿ, ಸಾಲು ತಪ್ಪಿ, ಎಡಬಲಗಳಲ್ಲಿ ಜೋಡಿಯಿಲ್ಲದೆ ಇರುವವು ಮಾತ್ರ ನಂತರದವರು ಕೊರೆದವಾಗಿರಬಹುದು.

ಮೆಟ್ರಿಕ್ ಬೋಲ್ಟು ಖಂಡಿತ ಬೇಡ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದದ್ದು ಯುಎನ್‌ಎಫ್, ಅಂದರೆ ಇಂಚಿನ ಅಳತೆಯ ನವಿರಾದ ಥ್ರೆಡ್. ಇಲ್ಲಿ ಕಣ್ಣು ಮೋಸಹೋಗುತ್ತದೆ: 5/16 ಇಂಚು ಎಂದರೆ 7.94 ಮಿಲಿಮೀಟರ್, ಆದ್ದರಿಂದ 8 ಮಿಲಿಮೀಟರಿನ ಬೋಲ್ಟು ಅದಕ್ಕೇ ಮಾಡಿದಂತೆ ಕಾಣುತ್ತದೆ. ಕೈಯಲ್ಲೇ ಒಂದೆರಡು ಸುತ್ತು ಹೋಗಿ ಬಿಗಿಯುತ್ತದೆ, ತುಕ್ಕಿರಬೇಕೆಂದುಕೊಂಡು ಪಾನಾ ಹಾಕಿದಿರೋ, ಥ್ರೆಡ್ಡು ಹಾಳಾಗಿ ಬೆಸೆದ ನಟ್ಟೇ ಕಿತ್ತುಬರುತ್ತದೆ. 1/4 ಇಂಚಿನದರಲ್ಲಿ ಇದರ ತದ್ವಿರುದ್ಧ: 6 ಮಿಲಿಮೀಟರಿನ ಬೋಲ್ಟು ಸಡಿಲವಾಗಿ ಒಳಗಿಳಿದು, ಹಿಡಿತವಿಲ್ಲದೆ ನಿಲ್ಲುತ್ತದೆ. ಥ್ರೆಡ್ಡಿನ ಅಳತೆ ನೋಡುವ ಥ್ರೆಡ್ ಗೇಜೊಂದನ್ನು ಕೊಂಡುಕೊಳ್ಳಿ. ಡಬ್ಬಿಯ ಅರ್ಧ ಗೊಂದಲ ಒಂದೇ ಸಂಜೆಯಲ್ಲಿ ತೀರುತ್ತದೆ.

ತುಕ್ಕು ಹಿಡಿದ ನಟ್ಟುಗಳ ವಿಷಯದಲ್ಲಿ ನಾನು ಮಾಡುವುದಿಷ್ಟು. ಅದೇ ಅಳತೆಯ ಹಳೆಯ ಬೋಲ್ಟಿನ ಥ್ರೆಡ್ಡಿನ ಉದ್ದಕ್ಕೂ ಗರಗಸದಿಂದ ಒಂದು ಸೀಳು ಹಾಕಿ, ಎಣ್ಣೆ ಸವರಿ, ಅರ್ಧ ಸುತ್ತು ಒಳಗೆ, ಕಾಲು ಸುತ್ತು ಹೊರಗೆ ಎಂಬಂತೆ ತಿರುಗಿಸುತ್ತೇನೆ. ಕೊಳೆಯೆಲ್ಲ ಸೀಳಿನೊಳಗೆ ಸೇರುತ್ತದೆ, ಥ್ರೆಡ್ಡು ಸವೆಯುವುದಿಲ್ಲ. ಬಣ್ಣ ಹೊಡೆಯುವಾಗಲೂ ಪ್ರತಿ ನಟ್ಟಿನಲ್ಲಿ ಒಂದು ಹಳೆಯ ಬೋಲ್ಟು ಕೂತಿರಲಿ.

ಪ್ರಶ್ನೆ: ನನ್ನದೂ ಜಿಟಿ. ಹೊಸ ಕಾರ್ಪೆಟ್ ಹಾಸಿದ ನಂತರ ಹಿಂದಿನ ಸೀಟಿನ ಒರಗು ನೆಟ್ಟಗೆ ನಿಲ್ಲಿಸಿದಾಗ ಕೊಂಡಿಗೆ ಸಿಗುತ್ತಿಲ್ಲ. ಕೊಂಡಿಯನ್ನು ಬಗ್ಗಿಸಬಹುದೇ?

ಉತ್ತರ: ಬಗ್ಗಿಸಬೇಡಿ, ತಪ್ಪು ಕೊಂಡಿಯದಲ್ಲ. ಹೊಸ ಕಾರ್ಪೆಟ್ಟೂ ಅದರಡಿಯ ಫೆಲ್ಟೂ ಸೇರಿ ಒರಗು ಮಡಚುವ ಕೀಲಿನ ಕೆಳಗೆ ನಾಲ್ಕೈದು ಮಿಲಿಮೀಟರ್ ಎತ್ತಿದರೂ ಸಾಕು, ಒರಗಿನ ಮೇಲಂಚು ತನ್ನ ಜಾಗ ಬಿಟ್ಟು ಸರಿಯುತ್ತದೆ. ಕೀಲು ಕೂರುವಷ್ಟು ಅಗಲಕ್ಕೆ ಫೆಲ್ಟನ್ನು ಕತ್ತರಿಸಿ ತೆಗೆಯಿರಿ, ಬ್ರಾಕೆಟ್ಟು ನೇರ ತಗಡಿನ ಮೇಲೆ ಕೂರಲಿ. ಅದರ ರಂಧ್ರ ಉದ್ದುದ್ದವಾಗಿದ್ದರೆ ಅದು ಹೊಂದಿಸಿಕೊಳ್ಳಲೆಂದೇ ಇರುವುದು. ಬೋಲ್ಟುಗಳನ್ನು ಸಡಿಲವಾಗಿಟ್ಟು, ಒರಗನ್ನು ಮಡಚಿ ಬಿಡಿಸಿ ನಾಲ್ಕೈದು ಬಾರಿ ನೋಡಿ, ಎರಡೂ ಬದಿಯ ಕೊಂಡಿಗಳು ಸರಾಗವಾಗಿ ಕೂತ ಮೇಲೆಯೇ ಬಿಗಿಯಿರಿ.