ವಾಲುವ ಟೇಬಲ್ಲಿನ ಅಕ್ಷ ಎಲ್ಲಿದೆ?

ಪ್ರಶ್ನೆ: ನಮ್ಮ ಐದು ಅಕ್ಷದ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮಿಲ್ಲಿಂಗ್ ಯಂತ್ರದಲ್ಲಿ, ಸಿಮ್ಯುಲೇಶನ್ ಸರಿಯಿದ್ದರೂ, ಟೇಬಲ್ 90 ಡಿಗ್ರಿ ವಾಲಿದಾಗ ಕೊರೆದ ರಂಧ್ರ 0.06 ಮಿ.ಮೀ. ಸರಿದಿರುತ್ತದೆ. ಕಾರಣವೇನು?
— ಓದುಗರೊಬ್ಬರು, ಭೋಸರಿ, ಪುಣೆ

ಉತ್ತರ: ಸಿಮ್ಯುಲೇಶನ್ ನೀವು ಕೊಟ್ಟ ಅಳತೆಯನ್ನೇ ನಂಬುತ್ತದೆ, ಎ ಅಕ್ಷದ (ಟೇಬಲ್ ವಾಲುವ ಅಕ್ಷದ) ನಡುಗೆರೆಗೂ ಟೇಬಲ್ಲಿನ ಮೇಲ್ಮೈಗೂ ನಿಜವಾಗಿ ಇರುವ ಅಂತರ ಅದಕ್ಕೆ ತಿಳಿಯದು. ನನ್ನ ಅನುಮಾನ ಮೊದಲು ಹೋಗುವುದು ಅಲ್ಲಿಗೇ. ಯಂತ್ರ ಎರಡೂ ಕಡೆ ವಾಲುವಂತಿದ್ದರೆ, ಟೇಬಲ್ಲನ್ನು ಒಮ್ಮೆ +90, ಮತ್ತೊಮ್ಮೆ −90 ಡಿಗ್ರಿಗೆ ನಿಲ್ಲಿಸಿ, ಮೇಲ್ಮೈಯನ್ನು ಒರೆಸಿ, ಪ್ರೋಬ್ (ತುದಿಯ ಗುಂಡು ಮುಟ್ಟಿದ ಜಾಗವನ್ನು ಅಳೆಯುವ ಸಾಧನ) ಮುಟ್ಟಿಸಿ ವೈ ದಿಕ್ಕಿನ ಅಳತೆಗಳನ್ನು ಬರೆದುಕೊಳ್ಳಿ. ಅವುಗಳ ಸರಾಸರಿಯೇ ಅಕ್ಷದ ಸ್ಥಾನ. ವ್ಯತ್ಯಾಸದ ಅರ್ಧದಲ್ಲಿ ಪ್ರೋಬ್ ಗುಂಡಿನ ತ್ರಿಜ್ಯವನ್ನು ಕಳೆದರೆ ನಡುಗೆರೆಗೂ ಮೇಲ್ಮೈಗೂ ಇರುವ ಅಂತರ ಸಿಗುತ್ತದೆ. ಬೆಳಗಿನ ತಣ್ಣನೆಯ ಯಂತ್ರವನ್ನು ಅಳೆಯಬೇಡಿ, ಕೆಲಸದ ಬಿಸಿಗೆ ಬಂದ ಮೇಲೆ ಅಳೆಯಿರಿ. ದೊರೆತ ಅಂಕಿಯನ್ನು ಕಂಟ್ರೋಲರ್, ಸಿಮ್ಯುಲೇಶನ್ ಎರಡಕ್ಕೂ ತುಂಬಿಸಿ.