ಹೊರಗೆ ಹೋದಾಗ ಹೆಂಡತಿ ತುಂಟತನದಿಂದ ಮೈ ತೋರಿಸಲಿ ಎಂಬ ಆಸೆ ತಪ್ಪೇ?

ಹೋಟೆಲಿನಲ್ಲೋ ಉದ್ಯಾನದಲ್ಲೋ ಕುಳಿತಿರುವಾಗ ಹೆಂಡತಿ ತುಂಟತನದಿಂದ ಒಂದು ಕ್ಷಣ ಸೆರಗು ಸರಿಸಿ ನಿಮಗೆ ಮಾತ್ರ ಮೈ ತೋರಿಸಬೇಕೆಂಬ ಕಲ್ಪನೆ ಬಹಳ ದಿನಗಳಿಂದ ಕಾಡುತ್ತಿದೆ, ಇದು ವಿಕೃತಿಯೇ, ಅವರಿಗೆ ಹೇಳಬಹುದೇ ಎಂದು ಕೇಳಿದ್ದೀರಿ. ಇಂಥದೇ ಆಸೆಯನ್ನು ಗಂಡನ ಬಾಯಿಂದ ಕೇಳಿಸಿಕೊಂಡವಳಾಗಿ ಉತ್ತರಿಸುತ್ತಿದ್ದೇನೆ.

ಇದು ವಿಕೃತಿಯಲ್ಲ. ಮನೋವೈದ್ಯರು ಬಳಸುವ, 2013ರಲ್ಲಿ ಪ್ರಕಟವಾದ ಡಿಎಸ್‌ಎಂ-5 ಕೈಪಿಡಿಯು ಕಾಯಿಲೆ ಎಂದು ಗುರುತಿಸುವುದು, ಏನೂ ಅರಿಯದ ವ್ಯಕ್ತಿಗೆ ಗುಪ್ತಾಂಗ ತೋರಿಸಿ ಉದ್ರೇಕಗೊಳ್ಳುವ ಬಯಕೆ ಕನಿಷ್ಠ 6 ತಿಂಗಳು ಬಿಡದೆ ಕಾಡಿ, ಒಪ್ಪಿಗೆಯಿಲ್ಲದವರ ಮೇಲೆ ಅದನ್ನು ನಡೆಸಿದಾಗ ಇಲ್ಲವೇ ಅದರಿಂದ ಬದುಕು ಕೆಟ್ಟಾಗ. ನಿಮ್ಮ ಕಲ್ಪನೆಯಲ್ಲಿ ನೋಡುವವರು ನೀವೊಬ್ಬರೇ, ತೋರಿಸುವವರು ಮನಸಾರೆ ತೋರಿಸುತ್ತಿದ್ದಾರೆ.

ಆದರೆ ಕಲ್ಪನೆಯಲ್ಲಿ ಪಕ್ಕದ ಮೇಜಿನವರು ತಿರುಗಿ ನೋಡುವುದಿಲ್ಲ. ನಿಜವಾದ ಹೋಟೆಲಿನಲ್ಲಿ ನೋಡುತ್ತಾರೆ, ಅವರಲ್ಲಿ ಮಕ್ಕಳೂ ಇರುತ್ತಾರೆ. ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ಅಶ್ಲೀಲ ಕೃತ್ಯ ಎಸಗಿದರೆ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಮಿನಡಿ 3 ತಿಂಗಳವರೆಗೆ ಸೆರೆವಾಸ, 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಭಯ ಮೊಬೈಲಿನದು. ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ಅಂಗಗಳನ್ನು ಚಿತ್ರೀಕರಿಸಿ ಹಂಚಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ 3 ವರ್ಷಗಳವರೆಗೆ ಶಿಕ್ಷೆಯಾಗಬಹುದೆಂಬುದು ನಿಜ. ಆದರೆ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿದ ವಿಡಿಯೊವನ್ನು ಯಾವ ಪೊಲೀಸರೂ ಪೂರ್ತಿ ಹಿಂದಕ್ಕೆ ತರಲಾರರು, ಮತ್ತು ಅದನ್ನು ನೋಡಿದ ಬಂಧುಬಳಗ ದೂರುವುದು ಆಸೆಪಟ್ಟ ಗಂಡನನ್ನಲ್ಲ, ಸೆರಗು ಸರಿಸಿದ ಹೆಂಡತಿಯನ್ನು. ಆಸೆ ನಿಮ್ಮದು, ಅಪಾಯ ಅವರದು. ಹಾಗಾಗಿ ಮಾಡಬೇಕೋ ಬೇಡವೋ ಎಂಬ ತೀರ್ಮಾನ ಸಂಪೂರ್ಣವಾಗಿ ಅವರದೇ ಆಗಿರಬೇಕು.

ಈ ಕಲ್ಪನೆಯ ಸೊಗಸು ಮೈ ಕಾಣುವುದರಲ್ಲಿಲ್ಲ, ಜನರ ನಡುವೆ ಇಬ್ಬರಿಗೇ ತಿಳಿದ ಗುಟ್ಟೊಂದು ಇರುವುದರಲ್ಲಿದೆ ಎಂಬುದು ನನ್ನ ಅನುಭವ. ಬಂಧುಗಳ ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ, ಆ ದಿನ ರೇಷ್ಮೆ ಸೀರೆಯ ಒಳಗೆ ಏನನ್ನು ಉಟ್ಟಿದ್ದೇನೆ, ಏನನ್ನು ಉಟ್ಟಿಲ್ಲ ಎಂಬುದನ್ನು ಗಂಡನ ಕಿವಿಯಲ್ಲಿ ಎರಡೇ ಮಾತಿನಲ್ಲಿ ಹೇಳಿದೆ. ಹೋಳಿಗೆಗೆ ತುಪ್ಪ ಬಡಿಸಲು ಬಂದವರು ಸಾಕೇ ಎಂದು ಮತ್ತೆ ಮತ್ತೆ ಕೇಳುತ್ತಿದ್ದರೂ ನನ್ನ ಗಂಡನಿಗೆ ಕೇಳಿಸಲಿಲ್ಲ, ಕಿವಿ ಕೆಂಪೇರಿತ್ತು. ಒಂದಿಂಚು ಸೆರಗೂ ಕದಲಿರಲಿಲ್ಲ, ಯಾರ ಕಣ್ಣಿಗೂ ಏನೂ ಬಿದ್ದಿರಲಿಲ್ಲ. ನಿಜವಾಗಿ ನೋಡಲೇಬೇಕೆನಿಸಿದರೆ, ಸಕಲೇಶಪುರದ ಕಡೆ ತೋಟದ ನಡುವಿನ ಒಂಟಿ ಹೋಂಸ್ಟೇಯಲ್ಲಿ, ಯಾವ ಕಿಟಕಿಯೂ ತೆರೆಯದ ಕಡೆಗಿರುವ ಜಗಲಿಯನ್ನು ಇಬ್ಬರೂ ಸೇರಿ ಆರಿಸಿಕೊಳ್ಳಬಹುದು. ಹೊರಗಿರುವ ರೋಮಾಂಚನ ಅಲ್ಲಿಯೂ ಸಿಗುತ್ತದೆ.

ಹೇಳುವಾಗ ಹಾಸಿಗೆಯಲ್ಲಿ, ಇಲ್ಲವೆನ್ನಲು ಕಷ್ಟವಾಗುವ ಹೊತ್ತಿನಲ್ಲಿ ಹೇಳಬೇಡಿ. ಸಂಜೆ ವಾಕಿಂಗಿನಲ್ಲಿ, ನನಗೆ ಹೀಗೊಂದು ಕಲ್ಪನೆಯಿದೆ, ಮಾಡಲೇಬೇಕೆಂದಿಲ್ಲ, ನಿನಗೆ ತಿಳಿದಿರಲಿ ಎಂದಷ್ಟೇ ಹೇಳಿ. ಬೇಡವೆಂದರೆ ಮುನಿಸಿಕೊಳ್ಳದೆ ಅಲ್ಲಿಗೇ ಬಿಡಿ, ಮದ್ಯ ಕುಡಿಸಿಯೋ ಪಂಥ ಕಟ್ಟಿಯೋ ಒಪ್ಪಿಸಲು ಹೋಗಬೇಡಿ. ಒಪ್ಪಿದರೂ ಫೋಟೊ ತೆಗೆಯಬೇಡಿ. ಅವರ ಮನಸ್ಸಿನಲ್ಲಿರುವ ಕಲ್ಪನೆ ಏನೆಂದು ನೀವೂ ಕೇಳಿ. ನನ್ನ ಗಂಡ ಮೊದಲು ಕೇಳಿದ್ದು ಅದನ್ನೇ, ಮದುವೆಮನೆಯ ಆ ಗುಟ್ಟು ಹುಟ್ಟಿದ್ದೂ ಆ ಮಾತುಕತೆಯಿಂದಲೇ.