ಮಾರ್ಕೆಟ್ ಬೀಳುವವರೆಗೆ ಕಾಫಿ ದುಡ್ಡು ಇಟ್ಟುಕೊಂಡು ಕಾಯಬೇಕೆ?

ರೊಬಸ್ಟಾ ಮಾರಿದ 10 ಲಕ್ಷ ಕೈಯಲ್ಲಿದೆ, 2008ರ ಹಾಗೆ ಮಾರ್ಕೆಟ್ ಬಿದ್ದ ಮೇಲೆ ಒಟ್ಟಿಗೆ ಹಾಕಲಾ ಅಂತ ಕೇಳಿದ್ದೀರಿ. ಆ 2008ರಲ್ಲಿ ಗೋಣಿಕೊಪ್ಪದಲ್ಲಿ ಕೂತು ದುಡ್ಡು ಕಳೆದುಕೊಂಡವನು ನಾನು.

ಜನವರಿ 8ಕ್ಕೆ ಸೆನ್ಸೆಕ್ಸ್ 20,873. ನನ್ನ 3 ಲಕ್ಷ, ಬ್ರೋಕರ್ ಕೊಟ್ಟ ಸಾಲ 3 ಲಕ್ಷ, ಒಟ್ಟು 6 ಲಕ್ಷದ ಮಿಡ್‌ಕ್ಯಾಪ್ (ಮಧ್ಯಮ ಗಾತ್ರದ ಕಂಪನಿಗಳ) ಷೇರು. 21ನೇ ತಾರೀಕು ಸೆನ್ಸೆಕ್ಸ್ 1,408 ಪಾಯಿಂಟ್ ಬಿತ್ತು. ಮರುದಿನ ಬೆಳಿಗ್ಗೆ ಶೇ 10ಕ್ಕೂ ಹೆಚ್ಚು ಕುಸಿದು ಒಂದು ಗಂಟೆ ವಹಿವಾಟೇ ನಿಂತಿತು.

ತಪ್ಪು ಎಲ್ಲಿ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ನನ್ನ ಷೇರುಗಳು ಶೇ 40 ಇಳಿದು 3.6 ಲಕ್ಷಕ್ಕೆ ಬಂದವು. ಸಾಲ ಮಾತ್ರ ಇಳಿಯಲಿಲ್ಲ, 3 ಲಕ್ಷವೇ. ನನ್ನ ಪಾಲಿಗೆ ಉಳಿದದ್ದು 60 ಸಾವಿರ. ಷೇರು ಬಿದ್ದದ್ದು ಶೇ 40, ನಾನು ಬಿದ್ದದ್ದು ಶೇ 80. ಮಾರ್ಜಿನ್, ಅಂದರೆ ಸಾಲಕ್ಕೆ ಆಧಾರವಾಗಿ ಇರಬೇಕಾದ ನನ್ನ ಪಾಲಿನ ದುಡ್ಡು, ತುಂಬಿ ಅಂತ ಬ್ರೋಕರ್‌ನಿಂದ ಫೋನ್ ಬಂತು. ಕೈಯಲ್ಲಿದ್ದದ್ದು ಕೊಯ್ಲಿನವರ ಶನಿವಾರದ ಬಟವಾಡೆ ದುಡ್ಡು, ಅದನ್ನು ಮುಟ್ಟುವಂತಿರಲಿಲ್ಲ. ನಿಯಮದಂತೆ ಷೇರು ಮಾರಿಬಿಟ್ಟರು. ಯಾವತ್ತು ಮಾರಬೇಕು ಅನ್ನುವ ನಿರ್ಧಾರವನ್ನು ಸಾಲ ತೆಗೆದುಕೊಂಡ ದಿನವೇ ನಾನು ಅವರಿಗೆ ಬಿಟ್ಟುಕೊಟ್ಟಿದ್ದೆ. 2009ರ ಮಾರ್ಚ್ 9ಕ್ಕೆ ಸೆನ್ಸೆಕ್ಸ್ 8,160ಕ್ಕೆ ಇಳಿಯಿತು, 2010ರ ನವೆಂಬರ್ 5ಕ್ಕೆ 21,004ಕ್ಕೆ ಬಂತು. ಸ್ವಂತ ದುಡ್ಡಲ್ಲಿ ಇಂಡೆಕ್ಸ್ ಫಂಡ್ (ಸೆನ್ಸೆಕ್ಸ್, ನಿಫ್ಟಿಯಂಥ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಮ್ಯೂಚುವಲ್ ಫಂಡ್) ಹಿಡಿದು ಕೂತವರಿಗೆ ಮೂರು ವರ್ಷದೊಳಗೆ ಅಸಲು ವಾಪಸ್. ನನ್ನ ಹತ್ತಿರ ಏರಲು ಷೇರೇ ಇರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 'ಬಿದ್ದ ಮೇಲೆ' ಅಂದರೆ ಎಷ್ಟು ಬಿದ್ದ ಮೇಲೆ? 1929ರ ಸೆಪ್ಟೆಂಬರ್‌ನಲ್ಲಿ 381 ಇದ್ದ ಅಮೆರಿಕದ ಷೇರು ಸೂಚ್ಯಂಕ ಡೌ ಜೋನ್ಸ್ ನವೆಂಬರ್ ಮಧ್ಯಕ್ಕೆ 200ರ ಒಳಗೆ ಬಂತು. ಅರ್ಧ ಬೆಲೆ ಅಂತ ಆಗ ಕೊಂಡವರು 1932ರ ಜುಲೈಯಲ್ಲಿ 41 ನೋಡಬೇಕಾಯಿತು. 2020ರಲ್ಲಿ ತದ್ವಿರುದ್ಧ: ಮಾರ್ಚ್ 23ರಂದು ಒಂದೇ ದಿನ 3,934 ಪಾಯಿಂಟ್ ಬಿದ್ದ ಸೆನ್ಸೆಕ್ಸ್ ನವೆಂಬರ್‌ಗೆ ಹೊಸ ಎತ್ತರದಲ್ಲಿತ್ತು. ಇನ್ನೂ ಬೀಳಲಿ ಅಂತ ಕಾದವರು ಕಾಯುತ್ತಲೇ ಉಳಿದರು.

ನೀವು ಲೆಕ್ಕ ಹಾಕಬೇಕಾದದ್ದು ತೋಟದ್ದು. ಸ್ಪ್ರಿಂಕ್ಲರ್ ಡೀಸೆಲ್, ಮರ ಕಪಾತು, ಮಳೆಗೆ ಮುಂಚೆ ಒಂದು ನಂತರ ಒಂದು ಗೊಬ್ಬರ, ಬಟವಾಡೆ ಎಲ್ಲ ಸೇರಿ ವರ್ಷಕ್ಕೆ 3 ಲಕ್ಷ ಅಂತಿಟ್ಟುಕೊಳ್ಳಿ. ಎರಡು ವರ್ಷದ್ದು, 6 ಲಕ್ಷ, ಎಫ್‌ಡಿಯಲ್ಲಿಡಿ. ಒಂದು ವರ್ಷದ್ದು ಸಾಲದು. ಹೂಮಳೆ ಕೈಕೊಟ್ಟರೆ, ಇಲ್ಲ 2018ರ ಆಗಸ್ಟ್‌ನಂಥ ಮಳೆ ಬಂದು ಕಾಯಿ ಉದುರಿದರೆ, ಮುಂದಿನ ಫಸಲಿಗೆ ಗ್ಯಾರಂಟಿ ಇಲ್ಲ. ಷೇರು ಬಿದ್ದಿರುವ ವರ್ಷವೇ ಫಸಲೂ ಕೈಕೊಟ್ಟರೆ ಮತ್ತೆ ನನ್ನ ಹಾಗೆ ನಷ್ಟಕ್ಕೆ ಮಾರಬೇಕಾಗುತ್ತದೆ.

ಉಳಿದ 4 ಲಕ್ಷ ಲಿಕ್ವಿಡ್ ಫಂಡ್‌ಗೆ (ಷೇರು ಕೊಳ್ಳದೆ ಅಲ್ಪಾವಧಿ ಸಾಲಪತ್ರಗಳಲ್ಲಿ ದುಡ್ಡಿಡುವ ಮ್ಯೂಚುವಲ್ ಫಂಡ್) ಹಾಕಿ, ಅಲ್ಲಿಂದ ಎಸ್‌ಟಿಪಿ (ಒಂದು ಫಂಡ್‌ನಿಂದ ಇನ್ನೊಂದಕ್ಕೆ ದುಡ್ಡು ಕಂತಿನಲ್ಲಿ ತಾನಾಗಿ ಹೋಗುವ ವ್ಯವಸ್ಥೆ) ಮೂಲಕ ತಿಂಗಳಿಗೆ 20 ಸಾವಿರದಂತೆ 20 ತಿಂಗಳು ನಿಫ್ಟಿ ಇಂಡೆಕ್ಸ್ ಫಂಡ್‌ಗೆ ಕಳಿಸಿ. ಎರಡೂ ಒಂದೇ ಕಂಪನಿಯ ಫಂಡ್ ಆಗಿರಬೇಕು. ನಡುವೆ ಮಾರ್ಕೆಟ್ ಬಿದ್ದರೆ ನಿಲ್ಲಿಸಬೇಡಿ, ಅದೇ ದುಡ್ಡಿಗೆ ಆಗ ಹೆಚ್ಚು ಯೂನಿಟ್ ಬರುತ್ತದೆ. ಏಳೆಂಟು ವರ್ಷ ಮುಟ್ಟಬೇಡಿ.

ಬ್ಯಾಂಕಿನಲ್ಲಿ ಒಡವೆ ಸಾಲ ಇದ್ದರೆ ಇದಕ್ಕೆಲ್ಲ ಮೊದಲು ಅದನ್ನು ತೀರಿಸಿ.